ನಲವತ್ತೊಂದು ನಿಮಿಷದ ದಾರಿ

ದಿ ಪಾಂಡ್ಸ್, ಸಿಡ್ನಿ
12 ಅಕ್ಟೋಬರ್ 2009

ಚಿ. ಸೌ. ವಿಜಯಾಳಿಗೆ ಅಕ್ಕನ ಆಶೀರ್ವಾದಗಳು.

ನಾನು ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಆದರೂ ನಿನ್ನ ಕಳೆದ ಕಾಗದ ಓದಿದ ಮೇಲೆ, ಅದನ್ನು ಹೇಳಿಯೇ ಮುಂದಿನ ಮಾತು ಬರೆಯುವುದು ಒಳ್ಳೆಯದೆನಿಸಿತು. ನಾನು ಪಡುಬೈಲು ಮನೆಯ ಹಿರಿಯ ಹೆಂಗಸು. ನಮ್ಮದು ಅಳಿಯಕಟ್ಟಿನ ಮನೆ, ಹೆಸರು ಹೆಣ್ಣಿನ ಕಡೆಯಿಂದ ನಡೆದು ಬಂದದ್ದು. ಅಮ್ಮ ಹೋದ ಮೇಲೆ ಹತ್ತೊಂಬತ್ತು ವರ್ಷದಿಂದ ಮನೆಯ ದೀಪ ನನ್ನ ಕೈಯಲ್ಲಿದೆ. ಕಾಪುವಿನ ಹೈಸ್ಕೂಲಿನಲ್ಲಿ ಎಸ್ಸೆಲ್ಸಿ ಮುಗಿಸಿದ್ದು ಬಿಟ್ಟರೆ ನನಗೆ ಬೇರೆ ವಿದ್ಯೆ ಇಲ್ಲ. ಆದರೆ ಮುಂಬಯಿಯಲ್ಲಿರುವವರು, ಮಸ್ಕತ್ತಿನಲ್ಲಿರುವವರು, ಊರಿನಲ್ಲಿ ಉಳಿದವರು, ಎಲ್ಲರೂ ನನ್ನನ್ನು ಕೇಳಿಯೇ ಮದುವೆಗೆ ದಿನ ಇಡುತ್ತಾರೆ, ಮನೆ ಕಟ್ಟಲಿಕ್ಕೆ ಪಂಚಾಂಗ ಹಾಕುತ್ತಾರೆ. ಕೇಳಿ ಕೆಟ್ಟವರಿಲ್ಲ.

ನೀನು ಫೋನಿನಲ್ಲಿ ಅಳುತ್ತೀ. ಅದಕ್ಕೇ ಕಾಗದ ಬರೆ ಎಂದದ್ದು. ಫೋನಿನ ಮಾತು ಗಾಳಿಗೆ ಹೋಗುತ್ತದೆ, ನಮ್ಮ ಮನೆಯ ತೀರ್ಮಾನಗಳು ಅಮ್ಮನ ಕಾಲದಿಂದಲೂ ಕಾಗದದಲ್ಲಿವೆ.

ಇನ್ನು ನಿನ್ನ ಮಗಳು ನಿಶ್ಮಿತಾಳ ವಿಷಯ. ಉತ್ತರದಲ್ಲಿ, ಕಾರ್ಪೆಂಟೇರಿಯಾ ಕೊಲ್ಲಿಯ ಬೆಲ್ಲಾಮಿ ದ್ವೀಪದ ಆರೋಗ್ಯ ಕೇಂದ್ರದಲ್ಲಿ ಅವಳಿಗೆ ನರ್ಸ್ ಕೆಲಸ ಸಿಕ್ಕಿದೆ. ಎರಡು ವರ್ಷ ಅಲ್ಲಿದ್ದರೆ ಪಿಆರ್, ಈ ದೇಶದಲ್ಲಿ ಖಾಯಂ ಉಳಿಯುವ ಹಕ್ಕು. ನಿನಗೂ ಕೊರಗಪ್ಪ ಭಾವನಿಗೂ ಪಿಆರ್ ಬಂದಾಗ ಅವಳ ವಯಸ್ಸು ಮೀರಿತ್ತು, ಅವಳು ಸ್ಟೂಡೆಂಟ್ ವೀಸಾದಲ್ಲಿ ಬೇರೆಯಾಗಿ ಬಂದವಳು. ಇನ್ನೆಷ್ಟು ದಿನ ಈ ತ್ರಿಶಂಕು? ಅವಳು ಎಲ್ಲರ ಹಾಗೆ ಒಬ್ಬಳು ಹುಡುಗಿಯಲ್ಲ. ನನಗೆ ಇಬ್ಬರೂ ಗಂಡುಮಕ್ಕಳು. ನಿನಗೆ ಅವಳೊಬ್ಬಳು. ನಮ್ಮಿಬ್ಬರ ನಂತರ ಪಡುಬೈಲು ಮನೆಯ ದೀಪ ಹಿಡಿಯುವವಳು ಅವಳು ಮಾತ್ರ. ಅವಳ ಕಾಲು ಗಟ್ಟಿ ನೆಲದ ಮೇಲೆ ನಿಲ್ಲಬೇಕು.

‘ಗುರುತು ಪರಿಚಯ ಇಲ್ಲದ ದ್ವೀಪದಲ್ಲಿ ಒಬ್ಬಳೇ’ ಎಂದು ಬರೆದಿದ್ದೀ. ಒಬ್ಬಳೇ ಏಕೆ? ನನ್ನ ಮನೀಷ್ ಮೂರು ವರ್ಷದಿಂದ ಪೋರ್ಟ್ ಹ್ಯಾನ್ಲಿಯ ಗಣಿಯಲ್ಲಿ ಎಲೆಕ್ಟ್ರಿಷಿಯನ್. ಅದೂ ಅದೇ ಕೊಲ್ಲಿಯ ದಡ. ನಕ್ಷೆಯಲ್ಲಿ ಎರಡು ಬೆರಳು ಅಂತರ. ಬೆರಳ ಲೆಕ್ಕ ನಿನಗೆ ಸಾಲದೆಂದು ಮೊಮ್ಮಗಳು ನಿರೀಕ್ಷಾಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ಎರಡೂ ವಿಮಾನ ನಿಲ್ದಾಣದ ಹೆಸರು ಹಾಕಿಸಿದೆ. ಬಂದದ್ದನ್ನು ನನ್ನ ಕೈಯಾರೆ ಬರೆದುಕೊಂಡಿದ್ದೇನೆ: ದೂರ ನೂರ ಎಂಬತ್ತೇಳು ಕಿಲೋಮೀಟರು, ಹಾರಾಟದ ಸಮಯ ನಲವತ್ತೊಂದು ನಿಮಿಷ. ನಾನು ಬರೆದುಕೊಳ್ಳುವಾಗ ನಿರೀಕ್ಷಾ, “ಅಜ್ಜಿ, ದಟ್ಸ್ ಜಸ್ಟ್ ದ ಡಿಸ್ಟೆನ್ಸ್” ಎಂದು ಏನೋ ಗೊಣಗಿತು. ಅದಕ್ಕೆ ಟಿವಿ ನೋಡುವ ಆತುರ. ಕಾಪುವಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗಲಿಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು, ವಿಜಯಾ.

ಮನೀಷನಿಗೂ ಫೋನ್ ಮಾಡಿ ಹೇಳಿದ್ದೇನೆ. ಹದಿನೈದು ದಿನಕ್ಕೊಮ್ಮೆ ತಂಗಿಯನ್ನು ನೋಡಿ ಬರಬೇಕು ಎಂದೆ.

“ಅಮ್ಮ, ಅದು ನಕ್ಷೆಯಲ್ಲಿ ಹತ್ತಿರ. ಇಲ್ಲಿ ಪ್ಲೇನು…”

“ಎಂತ ಪ್ಲೇನು? ನೂರ ಎಂಬತ್ತೇಳು ಕಿಲೋಮೀಟರು, ನನ್ನೆದುರು ಬರೆದು ಉಂಟು. ತಂಗಿಯನ್ನು ನೋಡಿಕೊಳ್ಳಲಿಕ್ಕೆ ಆಗುವುದಿಲ್ಲವಾದರೆ ಹಾಗೆ ಹೇಳು.”

“ಅಲ್ಲಮ್ಮ…”

“ಮತ್ತೆ?”

“ಆಯಿತಮ್ಮ.”

ಆಯಿತು ಎಂದಿದ್ದಾನೆ. ಅವಳನ್ನು ಕಳಿಸು.

ನಿನ್ನ ಅಕ್ಕ
ವಿನೋದಾ

*

ಡ್ಯಾಂಡೆನಾಂಗ್, ಮೆಲ್ಬರ್ನ್
27 ಅಕ್ಟೋಬರ್ 2009

ಪೂಜ್ಯ ಅಕ್ಕನಿಗೆ ವಿಜಯಾ ಮಾಡುವ ನಮಸ್ಕಾರಗಳು.

ನಿನ್ನ ಕಾಗದ ಬಂದ ದಿನವೇ ಅವಳು ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿದಳು. ಮೊನ್ನೆ ಭಾನುವಾರ ಹೊರಟಳು. ಇಲ್ಲಿಂದ ಡಾರ್ವಿನ್, ಅಲ್ಲಿಂದ ಬೇರೆ ಸಣ್ಣ ವಿಮಾನವಂತೆ.

ನಿನ್ನ ಕಾಗದವನ್ನು ಇವರಿಗೆ ಎರಡು ಸಲ ಓದಿ ಹೇಳಿದೆ. ಕಾರ್ಖಾನೆಯಿಂದ ಬಂದು ಕೈ ತೊಳೆಯುತ್ತಿದ್ದರು. “ಅಕ್ಕನ ಲೆಕ್ಕ ತಪ್ಪುವುದಿಲ್ಲ ಬಿಡು” ಎಂದರು. ಮತ್ತೆ ಬಹಳ ಹೊತ್ತು ಕೈ ತೊಳೆಯುತ್ತಲೇ ಇದ್ದರು.

ನಿಶ್ಮಿತಾ ನಗಾಡಿದ್ದೇ ನಗಾಡಿದ್ದು. “ದೊಡ್ಡಮ್ಮ ನಲವತ್ತೊಂದು ನಿಮಿಷ ಎಂದ ಮೇಲೆ ನಲವತ್ತೆರಡು ಮಾಡಲಿಕ್ಕೆ ಪೈಲಟ್‌ಗೆ ಧೈರ್ಯ ಉಂಟಾ?” ಎಂದಳು. ನಾನು ಬೈದೆ. ಏರ್‌ಪೋರ್ಟಿನಲ್ಲಿ ಒಳಗೆ ಹೋಗುವ ಮೊದಲು ನನ್ನ ಕಿವಿಯ ಹತ್ತಿರ ಬಂದು, “ಅಮ್ಮ, ಅಲ್ಲಿ ಹಿಡಿಸದಿದ್ದರೆ ವಾಪಸ್ ಬರಬಹುದಲ್ವಾ?” ಎಂದು ಕೇಳಿದಳು. ದೊಡ್ಡಮ್ಮನನ್ನು ಕೇಳಿ ಹೇಳುತ್ತೇನೆ ಎಂದೆ. ನಗಾಡಿಕೊಂಡೇ ಹೋದಳು.

ಚಿಕ್ಕಂದಿನಿಂದ ಅವಳ ಎದೆ ಸೂಕ್ಷ್ಮ, ಅದು ನಿನಗೆ ಗೊತ್ತುಂಟು. ಅಲ್ಲಿ ಡಿಸೆಂಬರಿನಿಂದ ಮಳೆಗಾಲವಂತೆ. ಇದನ್ನು ಹಿಂಜರಿದು ಬರೆಯುವುದಲ್ಲ, ಹಾಗೇ ಬರೆದೆ. ಮನೀಷ್ ಹತ್ತಿರವೇ ಇದ್ದಾನೆಂಬ ಒಂದೇ ಧೈರ್ಯ.

ನಿನ್ನ ತಂಗಿ
ವಿಜಯಾ

*

ದಿ ಪಾಂಡ್ಸ್, ಸಿಡ್ನಿ
8 ಡಿಸೆಂಬರ್ 2009

ಚಿ. ಸೌ. ವಿಜಯಾಳಿಗೆ ಆಶೀರ್ವಾದಗಳು.

ನೀನು ಪ್ರತಿ ಸಲ ಎದೆ ಸೂಕ್ಷ್ಮ, ಎದೆ ಸೂಕ್ಷ್ಮ ಎಂದು ಹೇಳಿ ಹುಡುಗಿಯನ್ನು ಅರ್ಧ ರೋಗಿ ಮಾಡಿಟ್ಟಿದ್ದೀ. ನಿನ್ನೆ ಅವಳೇ ಫೋನ್ ಮಾಡಿದ್ದಳು. ಧ್ವನಿ ಗಂಟೆಯ ಹಾಗಿತ್ತು. ಕಳೆದ ಶನಿವಾರ ಮನೀಷ್ ಬಂದು ಹೋದನಂತೆ, ನೀರುದೋಸೆ ಮಾಡಿ ಹಾಕಿದಳಂತೆ. ಅವಳಿಗೆಂದು ನಾನು ಮನೀಷನ ವಿಳಾಸಕ್ಕೆ ಕಳಿಸಿದ್ದ ಮಿಡಿ ಉಪ್ಪಿನಕಾಯಿಯೂ ಸಿಕ್ಕಿತಂತೆ. “ಅಣ್ಣ ದಾರಿಯಲ್ಲೇ ಅರ್ಧ ಖಾಲಿ ಮಾಡಿದ್ದಾನೆ ದೊಡ್ಡಮ್ಮ” ಎಂದು ದೂರು ಹೇಳಿದಳು. ಮನೀಷನನ್ನು ಕೇಳಿದೆ. ಅವನೂ ನೀರುದೋಸೆ ಎಂದೇ ಹೇಳಿದ. ಇಬ್ಬರ ಮಾತೂ ಹೊಂದಿತು. ಈಗಲಾದರೂ ನಿನ್ನ ಮನಸ್ಸಿಗೆ ಸಮಾಧಾನ ಆಗಲಿ.

ಇಲ್ಲಿ ಪಕ್ಕದ ಮನೆಗೆ ದಾವಣಗೆರೆಯ ನೀಲಾಂಬಿಕಾ ಎಂಬವಳು ಬಂದಿದ್ದಾಳೆ. ಗಂಡನೂ ನನ್ನ ಮಗ ಧನರಾಜನೂ ನಾರ್ವೆಸ್ಟಿನಲ್ಲಿ ಒಂದೇ ಆಫೀಸು. ಮೊನ್ನೆ ಬೇಲಿಯ ಆಚೆಯಿಂದ, “ಏನ್ ಆಂಟಿ, ಹೆಣ್ಣುಮಗು ಒಂದನ್ನೇ ಅಷ್ಟು ರಿಮೋಟ್ ಜಾಗಕ್ಕೆ ಕಳ್ಸಿದೀರಂತೆ, ಭಯ ಆಗಲ್ವಾ?” ಎಂದಳು. “ನಮ್ಮ ಮಕ್ಕಳಿಗೆ ಅಲ್ಲಿ ವಿಮಾನ ಎಂದರೆ ಸಿಟಿ ಬಸ್ಸು. ನೀವು ಸ್ಕೋಫೀಲ್ಡ್ಸಿನಿಂದ ಪೇಟೆಗೆ ಹೋಗುವಷ್ಟರಲ್ಲಿ ಅವರು ಹೋಗಿ, ಉಂಡು, ವಾಪಸ್ ಬಂದಿರುತ್ತಾರೆ” ಎಂದೆ.

ಫೋಟೋ ಬೇಕೆಂದು ಮಕ್ಕಳಿಗೆ ತೊಂದರೆ ಕೊಡಬೇಡ. ಇಬ್ಬರೂ ದುಡಿಯುವವರು.

ವಿನೋದಾ

*

ಡ್ಯಾಂಡೆನಾಂಗ್, ಮೆಲ್ಬರ್ನ್
5 ಜನವರಿ 2010

ಪೂಜ್ಯ ಅಕ್ಕನಿಗೆ ನಮಸ್ಕಾರಗಳು.

ಹೊಸ ವರ್ಷದ ದಿನ ನಿಶ್ಮಿತಾ ಮಾತಾಡಿದಳು. ನಿನಗೆ ಗಂಟೆಯ ಹಾಗೆ ಕೇಳುವ ಧ್ವನಿ ನನಗೆ ಹಾಗೆ ಕೇಳುವುದಿಲ್ಲ. ಮಧ್ಯೆ ಮಧ್ಯೆ ಫೋನನ್ನು ದೂರ ಹಿಡಿಯುತ್ತಾಳೆ. ಕೆಮ್ಮುವುದು ನನಗೆ ಗೊತ್ತಾಗಬಾರದೆಂದು.

“ಅಣ್ಣ ಬಂದಿದ್ದನಾ?” ಎಂದು ಕೇಳಿದೆ.

“ಬಂದಿದ್ದ. ಮೀನು ತಂದಿದ್ದ.”

“ಎಂತ ಮೀನು?”

“ಮೀನು ಅಮ್ಮ. ಮೀನಿನ ಹಾಗಿರುವ ಮೀನು” ಎಂದು ನಗಾಡಿದಳು. ಮನೀಷ್ ಮೀನು ಮುಟ್ಟದೆ ಎಷ್ಟು ವರ್ಷವಾಯಿತು ಅಕ್ಕ? ಅವನು ಕಾಲೇಜಿಗೆ ಹೋಗುವಾಗ ಬಿಟ್ಟದ್ದಲ್ಲವೇ? ತಂಗಿಗೆಂದು ತಂದಿರಬಹುದು. ಹಾಗೆಂದು ನಾನೇ ಸಮಾಧಾನ ಮಾಡಿಕೊಂಡೆ.

ಒಂದು ಕೇಳಿಕೆ. ಒಂದು ವಾರ ರಜೆ ಹಾಕಿ ಅವಳು ಮನೆಗೆ ಬಂದು ಹೋಗಲಿ. ಅವಳಿಗೂ ಆಸೆಯಿದೆ. ಆದರೆ “ದೊಡ್ಡಮ್ಮನನ್ನು ಕೇಳು” ಎನ್ನುತ್ತಾಳೆ. ನೀನು ಹೂಂ ಎಂದರೆ ಸಾಕು, ಟಿಕೆಟ್ ಬುಕ್ ಮಾಡುತ್ತೇನೆ.

ವಿಜಯಾ

*

ದಿ ಪಾಂಡ್ಸ್, ಸಿಡ್ನಿ
14 ಜನವರಿ 2010

ಚಿ. ಸೌ. ವಿಜಯಾಳಿಗೆ.

ಬೇಡ. ಸೇರಿ ಮೂರು ತಿಂಗಳಾಗುವ ಮೊದಲೇ ಮನೆಗೆ ಓಡಿ ಬಂದ ನರ್ಸಿನ ಮೇಲೆ ಅಲ್ಲಿಯವರಿಗೆ ಯಾವ ಅಭಿಪ್ರಾಯ ಬಂದೀತು? ಪಿಆರ್ ಅವರ ಸಹಿಯ ಮೇಲೆ ನಿಂತಿದೆ. ಆಯಾಸ ಆಗಿದ್ದರೆ ಎರಡು ದಿನ ಅಣ್ಣನ ಹತ್ತಿರ ಹೋಗಿ ಮಲಗಲಿ. ನಲವತ್ತೊಂದು ನಿಮಿಷ. ಅವಳಿಗೂ ಹಾಗೆಯೇ ಹೇಳಿದ್ದೇನೆ. “ಸರಿ ದೊಡ್ಡಮ್ಮ, ಹೋಗುತ್ತೇನೆ” ಎಂದಿದ್ದಾಳೆ.

ವಿನೋದಾ

*

ದಿ ಪಾಂಡ್ಸ್, ಸಿಡ್ನಿ
15 ಫೆಬ್ರವರಿ 2010

ವಿಜಯಾ,

ನಿನ್ನ ಮನೆಯಿಂದ ಬಂದು ಐದು ದಿನವಾಯಿತು. ಪೆನ್ನು ಹಿಡಿಯಲಿಕ್ಕೆ ಇವತ್ತು ಸಾಧ್ಯವಾಯಿತು.

ಜನವರಿ ಇಪ್ಪತ್ತನಾಲ್ಕರ ಭಾನುವಾರ ಜ್ವರದಲ್ಲಿ ಮಲಗಿದ ನಿಶ್ಮಿತಾ ಇಪ್ಪತ್ತೆಂಟರ ಗುರುವಾರ ಹೋದಳು. ಮಳೆಗಾಲದಲ್ಲಿ ಆ ಕಡೆಯ ಮಣ್ಣಿನಿಂದ ಬರುವ ಸೋಂಕು, ಶ್ವಾಸಕೋಶಕ್ಕೆ ಇಳಿಯಿತು ಎಂದು ವೈದ್ಯರ ಕಾಗದದಲ್ಲಿದೆ. ಅದು ವಿಧಿ, ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಆದರೆ ನಾಲ್ಕು ದಿನ ನಮ್ಮ ಹುಡುಗಿ ಪರರ ನಡುವೆ ಮಲಗಿದ್ದಳು. ನಾಲ್ಕು ದಿನ ಅವಳ ಅಣ್ಣ ಅಲ್ಲಿಗೆ ಮುಟ್ಟಲಿಲ್ಲ. ಇದು ವಿಧಿಯಲ್ಲ.

ಬೊಜ್ಜದ, ಉತ್ತರಕ್ರಿಯೆಯ ದಿನ ನಿನ್ನ ಮನೆಯ ಮೆಟ್ಟಿಲಿನಲ್ಲಿ ನಡೆದದ್ದನ್ನು ನೀನು ಒಳಗಿದ್ದು ಕೇಳಿರಬಹುದು, ಕೇಳದೆಯೂ ಇರಬಹುದು. ಕಾಗದದಲ್ಲಿ ಇರಲಿ. ಮನೀಷ್ ಚಪ್ಪಲಿ ಬಿಟ್ಟು ಒಳಗೆ ಬರಲಿಕ್ಕೆ ಹೊರಟ. ನಾನು ಅಡ್ಡ ನಿಂತೆ.

“ಎಷ್ಟು ನಿಮಿಷದ ದಾರಿ ಮಗ?”

ಅವನು ಬಿಟ್ಟ ಚಪ್ಪಲಿಗೆ ಮತ್ತೆ ಕಾಲು ಹಾಕಿದ.

“ನಲವತ್ತೊಂದು. ನಾಲ್ಕು ದಿನದಲ್ಲಿ ನಲವತ್ತೊಂದು ನಿಮಿಷ ಎಷ್ಟು ಸಲ ಬರುತ್ತದೆ ಎಂದು ಲೆಕ್ಕ ಹಾಕಿದ್ದೇನೆ. ನೂರ ನಲವತ್ತು ಸಲ. ಅದರಲ್ಲಿ ಒಂದು ಸಲ ನಿನಗೆ ಪುರುಸೊತ್ತು ಆಗಲಿಲ್ಲವಾ?”

“ಅಮ್ಮ, ನಾನು…”

“ನಿನ್ನ ಕಥೆ ಬೇಡ. ಹೊರಗೆ ಕೂತುಕೋ.”

ಬೀದಿಯಲ್ಲಿ ನಿಲ್ಲಿಸಿದ್ದ ಕಾರಿನಲ್ಲಿ ಹೋಗಿ ಕೂತ. ಸಂಜೆಯವರೆಗೆ ಕೂತಿದ್ದ.

ಸತ್ತವರನ್ನು ಒಳಗೆ ಕರೆಯುವ ಕ್ರಮವನ್ನು ಹಾಗಾಗಿ ಧನರಾಜನಿಂದ ಮುಗಿಸಿದೆ. ನಮ್ಮಲ್ಲಿ ಹಿರಿಯಳು ಬಾಗಿಲ ಹೊರಗೆ ನಿಂತು ಹೋದವರ ಹೆಸರು ಹಿಡಿದು ಕರೆಯುವುದು, ಒಳಗಿನಿಂದ ಅಣ್ಣನಾದವನು ‘ದಾರಿ ದೂರವಾಯಿತೇ?’ ಎಂದು ಕೇಳುವುದು, ‘ದೂರವಿಲ್ಲ, ಹತ್ತಿರವೇ’ ಎಂದು ಹಿರಿಯಳು ಹೇಳುವುದು, ಬಾಗಿಲು ತೆರೆಯುವುದು. ಧನರಾಜ ಕೇಳಿದ. ನಾನು ಹೇಳಬೇಕಾದ್ದನ್ನು ಹೇಳಿದೆ. ಅವಳಿಗೆಂದು ಒಳಗೆ ಎಲೆ ಹಾಕಿ ಅಗೆಲಿನ ಊಟ ಬಡಿಸಿದೆವು. ಕ್ರಮದಲ್ಲಿ ಏನೂ ಕಡಿಮೆ ಆಗಿಲ್ಲ.

ಇನ್ನು ಮುಂದೆ ಪಡುಬೈಲು ಮನೆಯ ಪಂಕ್ತಿಯಲ್ಲಿ ಮನೀಷನಿಗೆ ಎಲೆ ಇಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನೆಂದು ನಾನು ಎರಡು ತಕ್ಕಡಿ ಹಿಡಿಯುವವಳಲ್ಲ. ಊರಿಗೂ ಮುಂಬಯಿಗೂ ಮಸ್ಕತ್ತಿಗೂ ಬರೆದು ಹಾಕಿದ್ದೇನೆ.

ನೀನು ಊಟ ಬಿಡಬೇಡ.

ಅಕ್ಕ

*

ಡ್ಯಾಂಡೆನಾಂಗ್, ಮೆಲ್ಬರ್ನ್
21 ಮಾರ್ಚ್ 2010

ವಿನೋದಕ್ಕನಿಗೆ,

ಒಂದು ತಿಂಗಳು ನಾನು ಬರೆಯಲಿಲ್ಲ. ನೀನೂ ಕೇಳಲಿಲ್ಲ.

ಕಳೆದ ವಾರ ದ್ವೀಪದಿಂದ ನಿಶ್ಮಿತಾಳ ಸಾಮಾನಿನ ಪೆಟ್ಟಿಗೆ ಬಂತು. ಅದನ್ನು ಕಳಿಸಿದ ಹೆಲೆನ್ ಎಂಬ ಹಿರಿಯ ನರ್ಸು ಫೋನೂ ಮಾಡಿದರು. ಒಳ್ಳೆಯ ಹೆಂಗಸು. ಕೊನೆಯ ದಿನಗಳಲ್ಲಿ ತಲೆ ನೇವರಿಸಿದವರು ಅವರು. ನಾನು ಅವರ ಹತ್ತಿರ, ಅಣ್ಣ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದನಲ್ಲ, ಕೊನೆಗೆ ಮಾತ್ರ ಯಾಕೆ ಬರಲಿಲ್ಲ ಎಂದು ಕೇಳಿದೆ. ಅವರಿಗೆ ಅರ್ಥವೇ ಆಗಲಿಲ್ಲ. ಎರಡು ಸಲ ಕೇಳಿಸಿಕೊಂಡರು. ಮತ್ತೆ ನಿಧಾನವಾಗಿ ಹೇಳಿದರು, ಮಗುವಿಗೆ ಹೇಳುವ ಹಾಗೆ: ಅವಳ ಅಣ್ಣ ಒಂದು ಸಲವೂ ಬಂದಿಲ್ಲ. ಬರಲಿಕ್ಕೆ ದಾರಿಯೇ ಇಲ್ಲ. ಪೋರ್ಟ್ ಹ್ಯಾನ್ಲಿಗೂ ಬೆಲ್ಲಾಮಿ ದ್ವೀಪಕ್ಕೂ ನಡುವೆ ಯಾವ ವಿಮಾನವೂ ಹಾರುವುದಿಲ್ಲ, ದೋಣಿಯೂ ಇಲ್ಲ. ಎರಡೂ ಕಡೆಯಿಂದ ಡಾರ್ವಿನ್‌ಗೆ ವಾರಕ್ಕೆ ಎರಡೆರಡು ವಿಮಾನ, ಬೇರೆ ಬೇರೆ ದಿನ.

ಪೆಟ್ಟಿಗೆಯಲ್ಲಿ ಒಂದು ಗೋಡೆಯ ಕ್ಯಾಲೆಂಡರ್ ಇತ್ತು. ಹದಿನೈದು ದಿನಕ್ಕೊಮ್ಮೆ ಅವಳ ಅಕ್ಷರ. ‘ಅಣ್ಣ ಬಂದ, ನೀರುದೋಸೆ.’ ‘ಅಣ್ಣ ಬಂದ, ಉಪ್ಪಿನಕಾಯಿ.’ ‘ಅಣ್ಣ ಬಂದ, ಮೀನು.’ ಮೀನಿನ ಪಕ್ಕದಲ್ಲಿ ‘ಛೆ, ಅಣ್ಣ ಮೀನು ತಿನ್ನುವುದಿಲ್ಲ’ ಎಂದು ಸಣ್ಣದಾಗಿ ಬರೆದಿದ್ದಾಳೆ. ನಿನಗೂ ನನಗೂ ಒಂದೇ ಮಾತು ಹೇಳಬೇಕಲ್ಲ, ಮರೆಯಬಾರದೆಂದು ಬರೆದಿಟ್ಟದ್ದು.

ಮನೀಷನಿಗೆ ಫೋನ್ ಮಾಡಿದೆ. ಮೊದಲು ಬಾಯಿ ಬಿಡಲಿಲ್ಲ. ಕ್ಯಾಲೆಂಡರಿನ ವಿಷಯ ಹೇಳಿದ ಮೇಲೆ ಹೇಳಿದ. ಪ್ಲೇನ್ ಇಲ್ಲವೆಂದು ಅವಳಿಗೆ ಅಲ್ಲಿ ಇಳಿದ ದಿನವೇ ಗೊತ್ತಾಯಿತಂತೆ. “ಅಣ್ಣ, ಇದು ಗೊತ್ತಾದರೆ ದೊಡ್ಡಮ್ಮನ ಮಾತು ಎಲ್ಲರೆದುರು ಬಿದ್ದುಹೋಗುತ್ತದೆ. ಅಮ್ಮನಿಗೂ ನಿದ್ರೆ ಬರುವುದಿಲ್ಲ. ಎರಡು ವರ್ಷ ತಾನೇ, ನೀನು ಬರುತ್ತೀ ಎಂದು ಹೇಳಿಬಿಡುವ” ಎಂದಳಂತೆ. ಹಾಗೆ ಇಬ್ಬರೂ ಸೇರಿ ನಿನ್ನ ಮಾತನ್ನು ಉಳಿಸಿದರು.

ಅವಳು ಮಲಗಿದ ಸುದ್ದಿ ಸೋಮವಾರ ಬೆಳಿಗ್ಗೆ ಅವನಿಗೆ ಮುಟ್ಟಿತು. ಮಂಗಳವಾರದ ವಿಮಾನದಲ್ಲಿ ಡಾರ್ವಿನ್‌ಗೆ ಹೋದ. ಬುಧವಾರ ದ್ವೀಪಕ್ಕೆ ವಿಮಾನವಿತ್ತು, ಕೊಲ್ಲಿಯಲ್ಲಿ ಚಂಡಮಾರುತವೆಂದು ಹೊರಡಲಿಲ್ಲ. ಅವಳನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಬೇಕಾದ ವಿಮಾನವೂ ಅದೇ ಗಾಳಿಗೆ ಇಳಿಯಲಾಗದೆ ತಿರುಗಿಹೋಯಿತು. ಅವನು ಡಾರ್ವಿನ್ ಏರ್‌ಪೋರ್ಟಿನ ಕುರ್ಚಿ ಬಿಟ್ಟು ಏಳಲಿಲ್ಲವಂತೆ, ಎಲ್ಲಿಯಾದರೂ ಗಾಳಿ ನಿಂತು ಕರೆದರೆ ಎಂದು. ಗುರುವಾರ ಫೋನ್ ಬಂತು. ಶನಿವಾರ ಅದೇ ವಿಮಾನದಲ್ಲಿ ಅವಳು ಬಂದಳು. ಅವಳಿದ್ದ ಪೆಟ್ಟಿಗೆಯನ್ನು ಬರಮಾಡಿಕೊಂಡು ಸಹಿ ಹಾಕಿದವನು ಮನೀಷ್. ಆ ಕಾಗದ ನಮ್ಮ ಮನೆಯ ಮೇಜಿನ ಮೇಲೆಯೇ ಇತ್ತು ಅಕ್ಕ. ಸಹಿ ಯಾರದೆಂದು ನೀನು ನೋಡಲಿಲ್ಲ. ನಾನೂ ನೋಡಲಿಲ್ಲ.

ಅವಳನ್ನು ನಾನೇ ಕಳಿಸಿದೆ. ನಿನ್ನ ಮಾತನ್ನು ನಂಬಿ ಕಳಿಸಿದೆ. ನಂಬದೆ ಇರುವುದನ್ನು ನಮಗೆ ಯಾರೂ ಕಲಿಸಲಿಲ್ಲ.

ಇನ್ನೊಂದು ಮಾತು. ಆ ದಿನ ನಾವು ಕರೆದಾಗ ಅವಳು ಒಳಗೆ ಬರಲಿಲ್ಲ. ಬಂದಿದ್ದರೆ ನನಗೆ ಗೊತ್ತಾಗುತ್ತಿತ್ತು. ‘ದೂರವಿಲ್ಲ, ಹತ್ತಿರವೇ’ ಎಂದು ನೀನು ಗಟ್ಟಿಯಾಗಿ ಹೇಳಿದೆಯಲ್ಲ, ಅದನ್ನು ಕೇಳಿ ಅವಳು ಅಲ್ಲಿಯೇ ನಿಂತಿರಬೇಕು.

ನೀನು ನನ್ನ ಮನೆಗೆ ಬರಬೇಡ.

ವಿಜಯಾ

*

ದಿ ಪಾಂಡ್ಸ್, ಸಿಡ್ನಿ
29 ಮಾರ್ಚ್ 2010

ವಿಜಯಾ,

ನಿನ್ನ ಕಾಗದ ತಲುಪಿತು.

ನನಗೆ ಸುಳ್ಳು ಹೇಳಿದವರು ಮಕ್ಕಳು. ನಿಜ ಹೇಳಿದ್ದರೆ ನಾನು ಆ ದಿನವೇ ಅವಳನ್ನು ವಾಪಸ್ ಕರೆಸುತ್ತಿದ್ದೆ. ಪ್ಲೇನ್ ಇಲ್ಲವೆಂದು ಮನೀಷ್ ಒಂದು ಮಾತು ಹೇಳಲಿಲ್ಲ. ಕಂಪ್ಯೂಟರಿನಲ್ಲಿ ಇದ್ದದ್ದನ್ನು ನಾನು ಹಾಗೆಯೇ ಬರೆದೆ, ಒಂದು ನಿಮಿಷ ಹೆಚ್ಚು ಕಡಿಮೆ ಮಾಡಲಿಲ್ಲ.

ಇದನ್ನು ನೀನು ತಿಳಿಯಬೇಕು.

ವಿನೋದಾ

*

ಪೋರ್ಟ್ ಹ್ಯಾನ್ಲಿ
20 ಏಪ್ರಿಲ್ 2010, ಮಂಗಳವಾರ

ವಿಜಯಾಳಿಗೆ,

ಆಶೀರ್ವಾದ ಎಂದು ಬರೆಯುವುದಿಲ್ಲ. ನೀನು ಈ ಕಾಗದವನ್ನು ಒಡೆಯುತ್ತೀಯೋ ಇಲ್ಲವೋ ತಿಳಿಯದು. ಆದರೂ ಕಾಗದದಲ್ಲಿ ಇರಲಿ.

ಕಳೆದ ಸಲ ಬರೆದದ್ದರಲ್ಲಿ ಒಂದು ಮಾತು ಸುಳ್ಳು. ಮನೀಷ್ ಹೇಳಿದ್ದ. ‘ಇಲ್ಲಿ ಪ್ಲೇನು’ ಎನ್ನುವಷ್ಟು ಹೇಳಿದ್ದ. ಮುಂದಿನದನ್ನು ನಾನು ಬಿಡಲಿಲ್ಲ. ಅಕ್ಟೋಬರಿನ ಕಾಗದದಲ್ಲಿ ಅದನ್ನು ನಾನೇ ನಿನಗೆ ಬರೆದಿದ್ದೇನೆ, ತೆಗೆದು ನೋಡು.

ಮಾರ್ಚಿನ ಆ ಸುಳ್ಳಿನ ಕಾಗದ ಅಂಚೆಗೆ ಹಾಕಿದ ಮರುದಿನ ನಿರೀಕ್ಷಾಳನ್ನು ಮತ್ತೆ ಕಂಪ್ಯೂಟರಿನ ಮುಂದೆ ಕೂರಿಸಿದೆ. ನಮ್ಮ ಮಂಗಳೂರಿನ ಬಜ್ಪೆಯಿಂದ ಬೆಲ್ಲಾಮಿ ದ್ವೀಪಕ್ಕೆ ಎಷ್ಟು ಎಂದು ಹಾಕಲಿಕ್ಕೆ ಹೇಳಿದೆ. ಅದಕ್ಕೂ ಬಂತು, ಇಷ್ಟು ಸಾವಿರ ಕಿಲೋಮೀಟರು, ಒಂಬತ್ತು ಗಂಟೆ ಚಿಲ್ಲರೆ. ಬಜ್ಪೆಯಿಂದ ಆ ದ್ವೀಪಕ್ಕೆ ಯಾರು ಹಾರುತ್ತಾರೆ? “ಇಟ್ ಡಸಂಟ್ ನೋ, ಅಜ್ಜಿ. ಅದು ಸುಮ್ನೆ ಗೆರೆ ಎಳೆಯುತ್ತೆ” ಎಂದಿತು ಮಗು. ಅಕ್ಟೋಬರಿನಲ್ಲಿಯೂ ಅದು ಅದನ್ನೇ ಹೇಳಿತ್ತು. ಯಾವ ಎರಡು ಊರಿನ ಹೆಸರು ಹಾಕಿದರೂ ಆ ಯಂತ್ರ ಉತ್ತರ ಕೊಡುತ್ತದೆ, ನಡುವೆ ದಾರಿ ಉಂಟೋ ಇಲ್ಲವೋ ಅದಕ್ಕೆ ಬೇಡ. ಹತ್ತೊಂಬತ್ತು ವರ್ಷ ನಾನೂ ಹಾಗೆಯೇ ಉತ್ತರ ಕೊಟ್ಟಿರಬೇಕು.

ಹದಿಮೂರನೆಯ ತಾರೀಕು ಮನೆಯಿಂದ ಹೊರಟೆ. ಮರುದಿನ ಬಿಸು, ನಮ್ಮ ಹೊಸ ವರ್ಷ. ಎಲ್ಲರೂ ಫೋನ್ ಮಾಡಿ ಹಿರಿಯಳಿಗೆ ನಮಸ್ಕಾರ ಹೇಳುವ ದಿನ, ಅದಕ್ಕೆ ಮೊದಲೇ ಹೊರಟೆ. ಧನರಾಜ, “ಅಮ್ಮ, ಒಬ್ಬರೇ ಹೇಗೆ ಹೋಗ್ತೀರಿ, ನಾನೂ ಬರ್ತೇನೆ” ಎಂದ. ಅವಳ ಜೊತೆಗೆ ಯಾರಿದ್ದರು ಎಂದು ಕೇಳಿದೆ. ನನ್ನ ಚೀಲ ಎತ್ತಿ ಕಾರಿನಲ್ಲಿಟ್ಟ.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ದ್ವೀಪದಲ್ಲಿ ಇಳಿದೆ. ತಗಡಿನ ಒಂದು ಮಾಡು, ಎರಡು ಬೆಂಚು, ಕೆಂಪು ಮಣ್ಣು. ಹೆಲೆನ್ ಬಂದಿದ್ದರು. ನಾನು ಪೋರ್ಟ್ ಹ್ಯಾನ್ಲಿ ಯಾವ ದಿಕ್ಕಿಗೆ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಸಮುದ್ರದ ಕಡೆ ಕೈ ತೋರಿಸಿದರು. “ನಿಮ್ಮ ಹುಡುಗಿಯೂ ಇಲ್ಲಿಯೇ ನಿಂತು ಇದನ್ನೇ ಕೇಳಿದ್ದಳು” ಎಂದರು. ನಿಶ್ಮಿತಾ ಇದ್ದ ಕೋಣೆಯಲ್ಲಿ ಈಗ ಬೇರೆ ನರ್ಸು ಇದ್ದಾಳೆ. ಗೋಡೆಯಲ್ಲಿ ಕ್ಯಾಲೆಂಡರಿನ ಮೊಳೆ ಹಾಗೆಯೇ ಇದೆ. ವಾಪಸ್ ವಿಮಾನ ಶನಿವಾರ. ಮೂರು ದಿನ ಅತಿಥಿಗಳ ಕೋಣೆಯಲ್ಲಿದ್ದೆ. ಶನಿವಾರ ಬೆಳಿಗ್ಗೆ ಅವಳ ಕೋಣೆಯ ಹೊಸ್ತಿಲಿನಲ್ಲಿ ಒಂದು ಹಿಡಿ ಅಕ್ಕಿ ಇಟ್ಟು, “ಬಾ ಮಗಳೇ, ದೊಡ್ಡಮ್ಮ ಬಂದಿದ್ದೇನೆ, ನನ್ನ ಜೊತೆ ಬಾ” ಎಂದೆ. ಆ ಅಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ಮತ್ತೆ ಗಂಟು ಬಿಚ್ಚಲಿಲ್ಲ.

ಇನ್ನು ಲೆಕ್ಕ. ಇದನ್ನು ನಾನು ಯಂತ್ರವನ್ನು ಕೇಳಿ ಬರೆದದ್ದಲ್ಲ. ಶನಿವಾರ ಹನ್ನೊಂದು ನಲವತ್ತಕ್ಕೆ ದ್ವೀಪ ಬಿಟ್ಟಿತು. ಡಾರ್ವಿನ್ ಮುಟ್ಟಿದ್ದು ಒಂದೂಕಾಲಿಗೆ. ಪೋರ್ಟ್ ಹ್ಯಾನ್ಲಿಯ ವಿಮಾನ ಮಂಗಳವಾರ. ಹತ್ತಿರದಲ್ಲಿ ಒಂದು ರೂಮು ಸಿಗುತ್ತದೆ ಎಂದರು. ಬೇಡವೆಂದೆ. ಹಗಲೂ ರಾತ್ರಿಯೂ ಏರ್‌ಪೋರ್ಟಿನ ಕುರ್ಚಿಯಲ್ಲಿಯೇ ಕೂತೆ. ನನ್ನ ಮಗ ಯಾವ ಕುರ್ಚಿಯಲ್ಲಿ ಕೂತಿದ್ದನೋ ಗೊತ್ತಿಲ್ಲ, ಎಲ್ಲ ಒಂದೇ ಥರ ಇವೆ. ಸೊಂಟ ಹಿಡಿಯಿತು. ಸೋಮವಾರ ಅಲ್ಲಿ ನೆಲ ಒರೆಸುವ ಹೆಂಗಸು ಚಹಾ ತಂದುಕೊಟ್ಟಳು. ಇವತ್ತು ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಇಲ್ಲಿ ಇಳಿದೆ. ಒಟ್ಟು ಎಪ್ಪತ್ತು ಗಂಟೆ ನಲವತ್ತು ನಿಮಿಷ. ಗಾಳಿ ಮಳೆ ಇಲ್ಲದ ದಿನಗಳಲ್ಲಿ.

ಡಾರ್ವಿನ್‌ನಿಂದಲೇ ಎಲ್ಲರಿಗೂ ಬರೆದು ಹಾಕಿದ್ದೇನೆ. ಊರಿಗೆ, ಮುಂಬಯಿಗೆ, ಮಸ್ಕತ್ತಿಗೆ. ಫೆಬ್ರವರಿಯಲ್ಲಿ ಬರೆದದ್ದು ತಪ್ಪು, ತಪ್ಪು ನನ್ನದು, ಮನೀಷನ ಎಲೆ ಅವನದೇ ಎಂದು. ಇನ್ನು ಮೇಲೆ ಯಾವುದಕ್ಕೂ ನನ್ನನ್ನು ಕೇಳಬೇಡಿ ಎಂದು. ಮನೆಯ ದೀಪವನ್ನು ಧನರಾಜ ಶುಕ್ರವಾರವೇ ಮೆಲ್ಬರ್ನಿಗೆ ತಂದು ಕೊರಗಪ್ಪ ಭಾವನ ಕೈಗೆ ಕೊಟ್ಟಿದ್ದಾನೆ. ಎರಡೂ ಕೈಯಲ್ಲಿ ತೆಗೆದುಕೊಂಡರಂತೆ. ಹಚ್ಚುವುದು ಬಿಡುವುದು ನಿನ್ನದು. ನಿನ್ನ ನಂತರ ಅದಕ್ಕೆ ಯಾರೂ ಇಲ್ಲ. ಅದನ್ನು ಹಾಗೆ ಮಾಡಿದವಳು ನಾನು. ಕ್ಷಮೆ ಕೇಳಲಿಕ್ಕೆ ನನಗೆ ಬರುವುದಿಲ್ಲ. ನಿನ್ನ ಮನೆಗೂ ಬರುವುದಿಲ್ಲ.

ಮನೀಷನಿಗೆ ನಿನ್ನೆ ಫೋನ್ ಮಾಡಿ ಒಂದೇ ಮಾತು ಹೇಳಿದ್ದೆ: ನಾಳೆ ಬರುತ್ತೇನೆ, ವಿಮಾನದ ಹತ್ತಿರ ಬರಬೇಡ, ಬಾಗಿಲು ಹಾಕಿಕೊಂಡು ಒಳಗಿರು. ಗಣಿಯವರು ಕೊಟ್ಟ ಒಂದು ಕೋಣೆಯ ಮನೆ. ಅವನ ಕಿಟಕಿಯ ಹಲಗೆಯ ಮೇಲೆ ನನ್ನ ಉಪ್ಪಿನಕಾಯಿಯ ಬಾಟಲಿ ಕಂಡಿತು. ಮುಚ್ಚಳಕ್ಕೆ ನಾನು ಕಟ್ಟಿದ ಬಟ್ಟೆ ಹಾಗೆಯೇ ಇತ್ತು. ಇವತ್ತು ಅವಳ ಎಲೆಗೆ ಬಡಿಸಿದ್ದು ಅದನ್ನೇ.

ಬಾಗಿಲ ಹೊರಗೆ ನಿಂತೆ. ಗಂಟಿನ ಅಕ್ಕಿಯನ್ನು ಅಂಗೈಗೆ ತೆಗೆದುಕೊಂಡು ಹೆಸರು ಹಿಡಿದು ಮೂರು ಸಲ ಕರೆದೆ. ಒಳಗಿನಿಂದ ಮನೀಷ್ ಕೇಳಿದ.

“ದಾರಿ ದೂರವಾಯಿತೇ?”

“ದೂರವಾಯಿತು ಮಗ” ಎಂದೆ. “ಬಹಳ ದೂರವಾಯಿತು.”

ಬಾಗಿಲು ತೆರೆದ. ನಾನು ಪಕ್ಕಕ್ಕೆ ಸರಿದು ಮೊದಲು ಅವಳನ್ನು ಒಳಗೆ ಬಿಟ್ಟೆ.

ವಿನೋದಾ